ಧರ್ಮಕ್ಕೆ ಸಿಕ್ಕಿದ ಗಂಜಿ

ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವುದಕ್ಕೆ ಎರಡು ವರ್ಷದಿಂದ ನಮಗೆ ಜನ ಸಿಕ್ಕಿರಲಿಲ್ಲ. ಸಿಕ್ಕಿದವರು ಹೇಳಿದ ಕೂಲಿ ಕೇಳಿ ನಾನೇ ಬೇಡ ಅಂದಿದ್ದೆ ಎಂದರೆ ಹೆಚ್ಚು ಸರಿ. ಹಾಗಾಗಿ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, 61 ವರ್ಷದ, ಬ್ಯಾಂಕಿನಿಂದ ನಿವೃತ್ತನಾದ ನಾನು ಏಣಿ ಇಟ್ಟು ಹಿಂಬದಿಯ ಮಾಡಿಗೆ ಹತ್ತಿದೆ. ಒಡೆದ ನಾಲ್ಕು ಹಂಚು ತೆಗೆದು ಹೊಸತು ಕೂರಿಸಿದ್ದೂ ಆಯಿತು. ಇಳಿಯುವಾಗ, ಬಚ್ಚಲಿನ ನೀರು ಹರಿದು ಪಾಚಿಗಟ್ಟಿದ ಕಲ್ಲಿನ ಮೇಲೆ ಏಣಿಯ ಬುಡ ಜಾರಿತು.

ಬಲಗಾಲು, ಮೊಣಕಾಲಿನ ಗಂಟಿನ ಸ್ವಲ್ಪ ಕೆಳಗೆ. ಪ್ಲೇಟು, ಏಳು ಸ್ಕ್ರೂ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "12 ವಾರ ಈ ಕಾಲು ನೆಲಕ್ಕೆ ತಾಗಬಾರದು" ಅಂದರು. ಗಾಯದ ಬಗ್ಗೆ ಹೇಳುವುದು ಅಷ್ಟೇ. ನೋವು ಎಲ್ಲರಿಗೂ ಒಂದೇ ತರ ಆಗುತ್ತದೆ, ಅದನ್ನು ಬರೆದರೆ ಓದುವವರಿಗೂ ಬೇಜಾರು. ನಾನು ಬರೆಯಬೇಕೆಂದಿರುವುದು ಆ 12 ವಾರಗಳಲ್ಲಿ ನನಗೆ ಒಗ್ಗದೇ ಹೋದ ಬೇರೊಂದು ಸಂಗತಿಯನ್ನು. ಅದು ತೆಗೆದುಕೊಳ್ಳುವುದು.

ನಮ್ಮದು ಬಾಸೆಲ್ ಮಿಶನ್ನಿನ, ಅಂದರೆ ಸ್ವಿಟ್ಜರ್‌ಲೆಂಡಿನ ಬಾಸೆಲಿನಿಂದ ಬಂದ ಕ್ರೈಸ್ತ ಮಿಶನ್ನಿನ, ಮೂಲದ ಕುಟುಂಬ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಬಾಯಿಪಾಠ ಮಾಡಿಸದೇ ಇದ್ದ ಕಥೆಯೂ ಒಂದಿತ್ತು. ಕ್ರೈಸ್ತರಾದವರಿಗೆ ಜಾತಿ ಹೋಯಿತು, ಜಾತಿಯ ಜೊತೆ ಗೇಣಿಯ ಗದ್ದೆ ಹೋಯಿತು, ಕುಲಕಸುಬು ಹೋಯಿತು. ಅವರಿಗೆ ಹೊಟ್ಟೆಗೆ ದಾರಿಯಾಗಲಿ ಎಂದೇ ಮಿಶನ್ನಿನವರು ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದು. ಊರವರು ಮಾತ್ರ ಗಂಜಿಗಾಗಿ ಮತ ಬಿಟ್ಟವರು ಅಂದರು. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಆ ಮಾತು ಅವರ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ. ಯಾಕೆಂದರೆ ಅವರು ಮನೆಯಲ್ಲಿ ಹಾಕಿದ್ದ ಒಂದೇ ಒಂದು ಕಟ್ಟಳೆ ಇದು: ಧರ್ಮಕ್ಕೆ ಏನನ್ನೂ ತಿನ್ನಬಾರದು. ಪಕ್ಕದ ಮನೆಯವರು ಒಂದು ಹಲಸಿನ ಹಣ್ಣು ಕೊಟ್ಟರೆ ಸಂಜೆಯೊಳಗೆ ನಮ್ಮ ಮನೆಯಿಂದ ಎರಡು ತೆಂಗಿನಕಾಯಿ ಹೋಗಲೇಬೇಕಿತ್ತು.

ಪುಕ್ಕಟೆಗೆ ನಮ್ಮ ಆಡುಮಾತಿನಲ್ಲಿ 'ಧರ್ಮಕ್ಕೆ' ಅನ್ನುತ್ತೇವಲ್ಲ, ಆ ಶಬ್ದದ ಬಗ್ಗೆ ಮಲಗಿದಲ್ಲೇ ನಾನು ಬಹಳ ಯೋಚಿಸಿದೆ. ದೇವಾಲಯದಲ್ಲಿ (ಚರ್ಚಿಗೆ ನಾವು ಹಾಗನ್ನುವುದು) ಭಾನುವಾರ ಭಾನುವಾರ ಕೇಳುವುದು ಕೃಪೆ, ವರ, ಉಚಿತ. ಮನೆಗೆ ಬಂದು ಮಕ್ಕಳಿಗೆ ಹೇಳುವುದು "ಧರ್ಮಕ್ಕೆ ಸಿಕ್ಕಿತು ಅಂತ ತಿನ್ನಬೇಡ." ಒಂದೇ ಅರ್ಥದ ಶಬ್ದ ಅಲ್ಲಿ ಸುವಾರ್ತೆ, ಇಲ್ಲಿ ಬೈಗುಳ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬೀಳುವುದಕ್ಕೆ ಮೂರು ವರ್ಷ ಮೊದಲೇ ನಾನು ದೇವಾಲಯಕ್ಕೆ ಹೋಗುವುದನ್ನು ನಿಲ್ಲಿಸಿದ್ದೆ. ಕ್ರಿಸ್ಮಸ್ಸಿಗೆ, ಶುಭ ಶುಕ್ರವಾರಕ್ಕೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿಯುವ ಮೊದಲೇ ಚಪ್ಪಲಿ ಹುಡುಕುತ್ತಿದ್ದೆ. ಕಾರಣ ಬೆಳೆಹಬ್ಬದ ಏಲಂ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳೆಹಬ್ಬದ ದಿನ ಸಭೆಯವರು, ಅಂದರೆ ನಮ್ಮ ಚರ್ಚಿಗೆ ಸೇರಿದವರು, ಬಾಳೆಗೊನೆ, ಕುಂಬಳಕಾಯಿ, ಊರ ಕೋಳಿ, ಮನೆಯಲ್ಲಿ ಮಾಡಿದ ಕೇಕು ಎಲ್ಲ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಪೈಪೋಟಿ ಏರಿದರೆ ಒಂದು ತೆಂಗಿನಕಾಯಿ 2,000 ರೂಪಾಯಿಗೂ ಹೋದೀತು. ಕೂಗುವಾಗ ಎಲ್ಲರಿಗೂ ಹುರುಪು, ಹಣ ಕಟ್ಟುವಾಗ ಕೆಲವರಿಗೆ ಮರೆವು. ನಾನಾಗ ಲೆಕ್ಕ ನೋಡಿಕೊಳ್ಳುತ್ತಿದ್ದೆ. ವಾರ್ಷಿಕ ಮಹಾಸಭೆಯಲ್ಲಿ ಬಾಕಿದಾರರ ಪಟ್ಟಿಯನ್ನು ಹೆಸರು ಸಮೇತ ಓದಿಬಿಟ್ಟೆ. ಅದರಲ್ಲಿ ಪ್ರತಿ ವರ್ಷ ಏಲಂ ಕೂಗುವವರ ಹೆಸರೂ ಇತ್ತು, 4,200 ರೂಪಾಯಿ. ಅವರು ಎದ್ದು ನಿಂತು, "ಲೆಕ್ಕ ನೋಡಿ ನೋಡಿ ನಿಮಗೆ ಮನುಷ್ಯರು ಕಾಣುವುದೇ ಇಲ್ಲ ಮಾರಾಯ್ರೆ" ಅಂದರು. ಯಾರೋ ನಕ್ಕರು. ಆ ನಗು ಯಾರದ್ದೆಂದು ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಾಗದೇ ಇದ್ದದ್ದರಿಂದಲೇ ಇಡೀ ಸಭೆಯ ಮೇಲೆ ಸಿಟ್ಟು ಮಾಡಿಕೊಂಡೆ.

ಹೀಗಿದ್ದವನು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಆಂಬುಲೆನ್ಸಿನ ಹಿಂದೆಯೇ ಒಂದು ಸ್ಟೀಲಿನ ಪಾತ್ರೆ ಬಂತು. ಅದರಲ್ಲಿ ಕುಚ್ಚಲಕ್ಕಿ ಗಂಜಿ, ಮುಚ್ಚಳದ ಮೇಲೆ ಬಾಳೆಲೆಯಲ್ಲಿ ಹುರುಳಿ ಚಟ್ನಿ. ತಂದವರು ಕೆಳಗಿನ ಮನೆಯ ದೊಡ್ಡಮ್ಮ. ಅವರು ನನಗೆ ಸಂಬಂಧಿಯಲ್ಲ, 80 ದಾಟಿದ ವಿಧವೆ. ಸಭೆಯಲ್ಲಿ ಎಲ್ಲರಿಗೂ ದೊಡ್ಡಮ್ಮನೇ. ಮರುದಿನ ನೀರುದೋಸೆ, ಕೋಳಿ ಸಾರು ಬಂತು. ಅದರ ಮರುದಿನ ಆಡಿನ ಕಾಲಿನ ಸೂಪು, "ಎಲುಬಿಗೆ ಒಳ್ಳೆಯದು" ಎಂಬ ಆದೇಶ ಸಮೇತ. ಜೂನ್ ಹಿಡಿದ ಮೇಲೆ ದೋಣಿಗಳೆಲ್ಲ ದಡ ಸೇರಿ ಹಸಿಮೀನು ನಿಂತಿತು, ಒಣಮೀನಿನ ಚಟ್ನಿ ಬಂತು. ಸ್ತ್ರೀಯರ ಕೂಟದವರು ಒಂದು ಪಟ್ಟಿ ಮಾಡಿ ದಿನಕ್ಕೊಂದು ಮನೆಯೆಂದು ಹಂಚಿಕೊಂಡಿದ್ದರು. ನನ್ನ ಹೆಂಡತಿ ಶಾಲೆಗೆ ಹೋಗುವವಳು, ಮಗಳು ಇರುವುದು ಬೆಂಗಳೂರಿನಲ್ಲಿ. ಬೇಡ ಅನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಆದರೂ ನಾನು ಸುಮ್ಮನೆ ತಿನ್ನಲಿಲ್ಲ. ತಲೆದಿಂಬಿನ ಹತ್ತಿರ ಮಾತ್ರೆಯ ಹೊತ್ತು ಬರೆದಿಡಲು ಒಂದು ಪುಸ್ತಕವಿತ್ತು. ಅದನ್ನು ಹಿಂದುಮುಂದು ತಿರುಗಿಸಿ ಕೊನೆಯ ಹಾಳೆಯಿಂದ ಗೆರೆ ಹಾಕಿ ಬರೆಯತೊಡಗಿದೆ: ತಾರೀಕು, ತಂದವರು, ತಂದದ್ದು, ಅಂದಾಜು ಬೆಲೆ. ನೀರುದೋಸೆ ಮತ್ತು ಕೋಳಿ ಸಾರು, 250. ಸೂಪು, 300. ಗುಣವಾದ ಮೇಲೆ ಒಂದೊಂದಾಗಿ ತೀರಿಸುವುದು ಎಂದುಕೊಂಡಿದ್ದೆ. ನಾಲ್ಕನೇ ವಾರ ಹೆಂಡತಿ ಮಾತ್ರೆಯ ಹೆಸರು ಹುಡುಕುವಾಗ ಆ ಹಾಳೆ ತೆರೆಯಿತು. ಮೊದಲು ನಕ್ಕಳು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೇಳಿದಳು, "ಬುಧವಾರ ಬಂದು ಪ್ರಾರ್ಥನೆ ಮಾಡ್ತಾರಲ್ಲ, ಅದಕ್ಕೆ ಎಷ್ಟು ಹಾಕಿದ್ದೀರಿ?"

ಬುಧವಾರದ ಕೂಟದ ಬಗ್ಗೆಯೂ ಹೇಳಬೇಕು. ಸಂಜೆ ಆರೂವರೆಗೆ ಹತ್ತು ಹದಿನೈದು ಜನ ಬರುತ್ತಿದ್ದರು. ಒದ್ದೆ ಕೊಡೆಗಳೆಲ್ಲ ಜಗುಲಿಯಲ್ಲಿ ಸಾಲಾಗಿ, ಒಳಗೆ ನನ್ನ ಮಂಚದ ಸುತ್ತ ಕುರ್ಚಿಗಳು. ಎಲ್ಲವೂ ಹಿತವಾಗಿತ್ತು ಅಂದರೆ ಸುಳ್ಳಾದೀತು. ಒಬ್ಬರು ಪ್ರಾರ್ಥನೆಗೆ ನಿಂತರೆ 20 ನಿಮಿಷ. ಪ್ಲೇಟು ಎಲ್ಲಿದೆ, ಸ್ಕ್ರೂ ಎಷ್ಟು ಎಂದು ದೇವರಿಗೆ ವಿವರವಾಗಿ ವರದಿ ಒಪ್ಪಿಸುತ್ತಿದ್ದರು. ಇನ್ನೊಬ್ಬರು ಪ್ರತಿ ವಾರ ನನ್ನ ಕಾಲನ್ನೇ ನೋಡುತ್ತಾ, "ಇದರಲ್ಲಿಯೂ ಕರ್ತನ ಚಿತ್ತ ಇದೆ, ನಿಮ್ಮನ್ನು ತಿರುಗಿ ಕರೆಯುತ್ತಾ ಇದ್ದಾನೆ" ಅನ್ನುತ್ತಿದ್ದರು. ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಏಣಿ ಜಾರಿದ್ದು ಪಾಚಿಯಿಂದ. ಒಬ್ಬನನ್ನು ಬೆಂಚಿಗೆ ಕರೆಸಿಕೊಳ್ಳಲು ಕಾಲು ಮುರಿಯುವ ದೇವರನ್ನು ನಾನು ನಂಬಿಲ್ಲ.

ಆದರೆ ಒಂದು ಬುಧವಾರ ಬೇರೆಯೇ ಆಯಿತು. ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ. ಹೆಂಡತಿಯನ್ನು ಎಬ್ಬಿಸಲು ಮನಸ್ಸಾಗದೆ ಹೊತ್ತಿಗೆ ಸರಿಯಾಗಿ ಬೆಡ್‌ಪ್ಯಾನ್ ಸಿಗದೆ ಹಾಸಿಗೆ ಒದ್ದೆ ಮಾಡಿಕೊಂಡಿದ್ದೆ. ಆ ಸಂಜೆ ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, "ಅಂಕಲ್, ನೀವೂ ಎರಡು ಮಾತು ಪ್ರಾರ್ಥನೆ ಮಾಡ್ತೀರಾ?" ಎಂದು ಕೇಳಿದರು. ಬಾಯಿ ತೆರೆದೆ. ಏನೂ ಬರಲಿಲ್ಲ. ಬರಲಿಲ್ಲ ಅಂದರೆ ಭಾವ ಉಕ್ಕಿ ಅಲ್ಲ. ಒಳಗೆ ಏನೂ ಇರಲಿಲ್ಲ. ಹಂಡೆಯ ತಳಕ್ಕೆ ಚೊಂಬು ತಾಗಿದಾಗ ಬರುತ್ತದಲ್ಲ ಶಬ್ದ, ಅಷ್ಟೇ. ಸುಮ್ಮನಿದ್ದೆ. ಅವರು ಒತ್ತಾಯ ಮಾಡಲಿಲ್ಲ, "ಆಗಲಿ, ಇವತ್ತು ನಾವು ಮಾಡುತ್ತೇವೆ" ಅಂದರು. ಎಲ್ಲರೂ ಸೇರಿ ಪರಲೋಕದ ಪ್ರಾರ್ಥನೆ ಹೇಳಿದರು. 'ನಮ್ಮ ಅನುದಿನದ ಆಹಾರವನ್ನು' ಎಂಬಲ್ಲಿಗೆ ಬಂದಾಗ, ಅದು ಕೇಳಿ ಪಡೆಯುವ ಮಾತು ಎಂದು ಅರುವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಿವಿಗೆ ಬಿತ್ತು. ನಾನು ಯಾವತ್ತೂ ಆ ಸಾಲನ್ನು, ಸಂಬಳದ ದಿನ ಕೌಂಟರಿನ ಮುಂದೆ ನಿಂತವನ ಹಾಗೆ ಹೇಳುತ್ತಾ ಬಂದಿದ್ದೆ.

ಗಾಯದ ಡ್ರೆಸ್ಸಿಂಗ್ ಬದಲಿಸಲು ಬರುತ್ತಿದ್ದವನು ನಮ್ಮ ಸಭೆಯದ್ದೇ ಹುಡುಗ. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದ. ಸಂಡೇ ಸ್ಕೂಲಿನಲ್ಲಿ ನನ್ನ ಕ್ಲಾಸಿನಲ್ಲಿ ಗಲಾಟೆ ಮಾಡಿ ಹೊರಗೆ ನಿಂತವರಲ್ಲಿ ಇವನೂ ಒಬ್ಬ. ನೆನಪಿದ್ದರೂ ಅವನು ಹೇಳಲಿಲ್ಲ. ಹೊಲಿಗೆ ಬಿಚ್ಚಿದ ದಿನ ಕಾಲಿನ ಸುತ್ತಿನ ಸತ್ತ ಚರ್ಮವನ್ನೆಲ್ಲ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ತೆಗೆದ. ಉಗುರು ಬೆಳೆದು ಕೊಕ್ಕೆಯಾಗಿತ್ತು, ಕತ್ತರಿಸಿದ. ಆಮೇಲೆ ಬೇಸಿನ್ನನ್ನು ಎಡಗಾಲಿನ ಹತ್ತಿರ ಸರಿಸಿದ.

"ಅದಕ್ಕೆ ಏನೂ ಆಗಿಲ್ಲ, ಬಿಡು" ಅಂದೆ.

"ಅದೂ ನಿಮ್ಮದೇ ಅಲ್ವಾ ಅಂಕಲ್" ಎಂದು ಅದನ್ನೂ ತೊಳೆಯತೊಡಗಿದ. ಬೆರಳುಗಳ ಸಂದಿಯಲ್ಲಿ ಬಟ್ಟೆ ಸುತ್ತಿ ಒಂದೊಂದಾಗಿ ಒರೆಸಿದ. ನಾನು ಗೋಡೆ ನೋಡುತ್ತಾ ಕೂತಿದ್ದೆ. ಕಡೆಯ ಭೋಜನದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯಲು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಬಂದಾಗ ಶಿಷ್ಯ ಪೇತ್ರನು ನನ್ನ ಕಾಲನ್ನು ಎಂದಿಗೂ ತೊಳೆಯಬಾರದು ಎಂದನಲ್ಲ, ಅದನ್ನು ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ವಿನಯವೆಂದು ಪಾಠ ಮಾಡಿದ್ದೆ. ಗುರುವಿನಿಂದ ಕಾಲು ಮುಟ್ಟಿಸಿಕೊಳ್ಳುವುದು ಹೇಗೆಂದು ಅವನಿಗೆ ಸಂಕೋಚ ಎಂದು. ಸಂಕೋಚ ಅಲ್ಲ ಅದು. ಋಣ ಬೇಡ ಎಂಬ ಗಟ್ಟಿತನ. 'ಹಾಗಾದರೆ ನನ್ನ ಸಂಗಡ ನಿನಗೆ ಪಾಲಿಲ್ಲ' ಎಂಬ ಯೇಸುವಿನ ಉತ್ತರ ಯಾಕೆ ಅಷ್ಟು ಖಾರವಾಗಿತ್ತೆಂದು, ಬೇಸಿನ್ನಿನ ನೀರು ತಣ್ಣಗಾಗುವಷ್ಟರಲ್ಲಿ ಅರ್ಥವಾಯಿತು. ಹುಡುಗನಿಗೆ 500ರ ನೋಟು ಕೊಡಲು ಕೈ ದಿಂಬಿನಡಿಗೆ ಹೋಗಿತ್ತು. ತೆಗೆಯಲಿಲ್ಲ. ಅಭ್ಯಾಸ ಬಿಡುವುದಿಲ್ಲ ನೋಡಿ, ಸಂಜೆ ಅದನ್ನೂ ಪುಸ್ತಕದಲ್ಲಿ ಬರೆಯಲು ಹೊರಟೆ. ಬೆಲೆಯ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ಆ ಸಾಲು ಈಗಲೂ ಹಾಗೇ ಅರ್ಧ ಇದೆ. ಮುಂದೆ ಬರೆಯಲೂ ಇಲ್ಲ.

ಜುಲೈ ಕೊನೆಯಲ್ಲಿ ಸಭಾಪಾಲಕರು ಇನ್ನೊಂದು ಯೋಜನೆ ಹಾಕಿದರು. ಆಗಸ್ಟಿನ ಮೊದಲ ಭಾನುವಾರ ಕರ್ತನ ಭೋಜನವಿದೆ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ಅದಕ್ಕೆ ನನ್ನನ್ನು ಕರೆದುಕೊಂಡು ಹೋಗುವುದು. ಮನೆಗೇ ಆ ರೊಟ್ಟಿ, ದ್ರಾಕ್ಷಾರಸ ತಂದುಕೊಡಬಹುದಲ್ಲ ಅಂದೆ. "ತರಬಹುದು. ಆದರೆ ನೀವು ಅಲ್ಲಿ ಕಾಣದೆ ಬಹಳ ದಿನ ಆಯ್ತಲ್ಲ" ಅಂದರು. ತೊಂದರೆಯೇನೆಂದರೆ ನಮ್ಮ ಮನೆ ಇರುವುದು ಇಳಿಜಾರಿನಲ್ಲಿ. ಮಂಗಳೂರಿನ ಹಳೆಯ ಮನೆಗಳೇ ಹಾಗೆ. ರಸ್ತೆಗೆ 34 ಮೆಟ್ಟಿಲು, ಎಲ್ಲ ಮುರಕಲ್ಲು, ಮಳೆಯಲ್ಲಿ ಎಣ್ಣೆ ಸವರಿದ ಹಾಗೆ.

ಭಾನುವಾರ ಬೆಳಿಗ್ಗೆ ನಾಲ್ಕು ಜನ ಬಂದರು. ಇಬ್ಬರು ಯುವಜನ ಸಂಘದವರು, ಒಬ್ಬ ಆ ನರ್ಸ್ ಹುಡುಗ. ನಾಲ್ಕನೆಯವರು ಏಲಂ ಕೂಗುವವರು. ಮೂರು ವರ್ಷದಲ್ಲಿ ನಾವು ಮಾತಾಡಿರಲಿಲ್ಲ. ಅವರು ನನ್ನ ಮುಖ ನೋಡದೆ ಕುರ್ಚಿಯನ್ನು ನೋಡಿ, "ಈ ಪ್ಲಾಸ್ಟಿಕ್ಕು ತಡೆಯುವುದಿಲ್ಲ, ಆ ಮರದ್ದು ತನ್ನಿ" ಅಂದರು. ಕಾಲಿನ ಕೆಳಗೆ ಒಂದು ಹಲಗೆ ಕಟ್ಟಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಹೆಂಡತಿ ಕೊಡೆ ಹಿಡಿದು ಪಕ್ಕದಲ್ಲಿ. ಒಂದು ಕೊಡೆಯಡಿ ಐದು ಜನ ನಿಲ್ಲುವುದಾದರೂ ಹೇಗೆ, ಒದ್ದೆಯಾಗದೆ ಉಳಿದವನು ನಾನೊಬ್ಬನೇ.

ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಯೇಸುವಿನ ಬಳಿಗೆ ಬಂದ ಕಥೆ ನನ್ನ ಅಜ್ಜನಿಗೆ ಅಚ್ಚುಮೆಚ್ಚು. ಜನಸಂದಣಿಯಲ್ಲಿ ದಾರಿ ಸಿಗದೆ ಅವನನ್ನು ಮನೆಯ ಮೇಲಿನಿಂದ ಇಳಿಸಿದರಂತೆ. ಸುವಾರ್ತೆ ಬರೆದವರಲ್ಲಿ ಮಾರ್ಕನು ಮಾಡನ್ನು ಬಿಚ್ಚಿದರು ಅನ್ನುತ್ತಾನೆ, ಲೂಕನು ಹಂಚು ತೆಗೆದರು ಎಂದೇ ಬರೆಯುತ್ತಾನೆ. "ಲೂಕ ವೈದ್ಯ, ಆದರೂ ಹಂಚನ್ನು ಬಿಡಲಿಲ್ಲ ನೋಡು" ಎಂದು ಕಾರ್ಖಾನೆಯ ಅಜ್ಜ ಹೆಮ್ಮೆಪಡುತ್ತಿದ್ದರು. ಅಜ್ಜ ಹೇಳದೇ ಬಿಟ್ಟ ಒಂದು ಮಾತು ಅಲ್ಲಿದೆ. ಯೇಸು ಆತನಿಗೆ ಪಾಪಕ್ಷಮೆ ನುಡಿಯುವುದು 'ಅವರ ನಂಬಿಕೆಯನ್ನು ನೋಡಿ'. ಹಾಸಿಗೆಯಲ್ಲಿದ್ದವನು ನಂಬಿದ್ದನೋ, ಇಲ್ಲವೋ, ಬೇಡ ಬೇಡ ಎನ್ನುತ್ತಿದ್ದನೋ, ಸುವಾರ್ತೆ ಒಂದು ಮಾತೂ ಹೇಳುವುದಿಲ್ಲ. ಹನ್ನೆರಡನೇ ಮೆಟ್ಟಿಲಿನಲ್ಲಿ ಕುರ್ಚಿ ಓರೆಯಾಗಿ ನನ್ನ ಜೀವ ಬಾಯಿಗೆ ಬಂದಾಗ ನನಗೆ ಹೊಳೆದದ್ದು ಅದು. ಅಷ್ಟು ಹೊತ್ತಿಗೆ ನನ್ನ ನಂಬಿಕೆ ಏನಿದ್ದರೂ ಆ ಮರದ ಕುರ್ಚಿಯ ಕೈಗಳ ಮೇಲಿತ್ತು.

ಅರ್ಧ ದಾರಿಯಲ್ಲಿ ಅಗಲವಾದ ಮೆಟ್ಟಿಲೊಂದಿದೆ. ಅಲ್ಲಿ ಇಳಿಸಿ ಉಸಿರು ತೆಗೆದುಕೊಂಡರು. ಏಲಂನವರು ಮಳೆನೀರು ಒರೆಸಿಕೊಳ್ಳುತ್ತಾ, ಯಾರಿಗೂ ಅಲ್ಲ ಎಂಬಂತೆ ತಮ್ಮ ಏಲಂನ ದನಿಯಲ್ಲಿ ಹೇಳಿದರು, "ಒಂದು ಸಾರಿ." ಹುಡುಗರು ಕಿಸಕ್ಕೆಂದರು. ಮತ್ತೆ ಎತ್ತಿ ಇನ್ನೊಂದಿಷ್ಟು ಹತ್ತಿದ ಮೇಲೆ, "ಎರಡು ಸಾರಿ." ರಸ್ತೆಗೆ ಮುಟ್ಟಿ ಕುರ್ಚಿ ಇಳಿಸಿ, ನನ್ನ ಕಡೆ ಮೊದಲ ಬಾರಿ ನೋಡಿ, "ಮೂರು ಸಾರಿ! ಈ ಮಾಲು ಇನ್ನು ದೇವಾಲಯದ್ದು. ಬಾಕಿ ಇಟ್ಟುಕೊಳ್ಳುವ ಹಾಗಿಲ್ಲ" ಅಂದರು. ಹೆಂಡತಿ ಎಷ್ಟು ನಕ್ಕಳೆಂದರೆ ಕೊಡೆ ಬಾಗಿ ನೀರೆಲ್ಲ ನನ್ನ ತಲೆಗೆ.

ನಮ್ಮ ಸಿ.ಎಸ್.ಐ. ಆರಾಧನಾ ಕ್ರಮದಲ್ಲಿ ಸಮಾಧಾನ ಹಂಚುವುದು ಎಂಬುದೊಂದಿದೆ. 1947ರಲ್ಲಿ ಬೇರೆ ಬೇರೆ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆಯಿತು. 1950ರಲ್ಲಿ ರೂಪುಗೊಂಡ ಕರ್ತನ ಭೋಜನದ ಕ್ರಮಕ್ಕೆ ಕೇರಳದ ಸುರಿಯಾನಿ ಕ್ರೈಸ್ತರ ಹಳೆಯ ಪದ್ಧತಿಯೊಂದನ್ನು ತಂದು ಸೇರಿಸಿದರು. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು, ಇಬ್ಬರ ಎಡಗೈಗಳೂ ಹೊರಗಿನಿಂದ ಮುಚ್ಚಿಕೊಳ್ಳಬೇಕು. ಸಭಾಪಾಲಕರಿಂದ ಹೊರಟು ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಅದು ಸಾಗುತ್ತದೆ. ಕೊರೊನಾದ ನಂತರ ನಮ್ಮಲ್ಲಿ ಬಹಳ ಮಂದಿ ದೂರದಿಂದ ಕೈಮುಗಿದು ಮುಗಿಸುತ್ತಾರೆ. ಹಳಬರು ಇನ್ನೂ ಬಿಟ್ಟಿಲ್ಲ.

ನನ್ನ ಕುರ್ಚಿಯನ್ನು ನಡುದಾರಿಯ ಬದಿಯಲ್ಲಿ ಇಟ್ಟಿದ್ದರು. ಹೊತ್ತುಕೊಂಡು ಬಂದವರು ಅಲ್ಲೇ ಸುತ್ತ. ಸಮಾಧಾನ ಮುಂದಿನ ಬೆಂಚುಗಳಿಂದ ಇಳಿದು ಬಂದು ಏಲಂನವರ ಕೈ ಸೇರಿತು. ಅವರು ತಿರುಗಿದರು. ಒಂದು ಕ್ಷಣ ಇಬ್ಬರಿಗೂ ಯಾವ ಕೈ ಮೊದಲೆಂದು ತಿಳಿಯಲಿಲ್ಲ. ಕೊನೆಗೆ ನಾನೇ ಅಂಗೈ ಬಿಚ್ಚಿ ಮುಂದೆ ಹಿಡಿದೆ. ಅವರ ಕೈ ಇನ್ನೂ ಒದ್ದೆಯಾಗಿತ್ತು, ಕುರ್ಚಿಯ ಕಾಲಿಗೆ ಮೆತ್ತಿದ್ದ ಕೆಂಪುಮಣ್ಣು ಬೆರಳ ಗೆರೆಗಳಲ್ಲಿ ಹಾಗೇ ಇತ್ತು. "ದೇವರ ಸಮಾಧಾನ" ಅಂದರು, ಸಣ್ಣ ದನಿಯಲ್ಲಿ. ಏಲಂನ ದನಿಯಿಂದ ಅಷ್ಟು ಸಣ್ಣ ಸ್ವರ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ಕೈ ಮುಚ್ಚಿಕೊಂಡ ಮೇಲೆ ಕೊಡುವವನು ಯಾರು, ಪಡೆಯುವವನು ಯಾರು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಳಗಿದ್ದವರಿಗೆ ಗೊತ್ತಾಗುತ್ತದೆ. ಅದನ್ನು ಮುಂದಿನವರಿಗೆ ದಾಟಿಸಬೇಕೆಂದೂ ಮರೆತು ಕೂತಿದ್ದೆ, ಹಿಂದಿನ ಬೆಂಚಿನ ಸಣ್ಣ ಹುಡುಗಿಯೊಬ್ಬಳು ನನ್ನ ಭುಜ ತಟ್ಟಿ ತಾನೇ ಕೈ ಚಾಚಿದಳು.

ಸಂಧಿಯಾಯಿತು, ಎಲ್ಲ ಸರಿಯಾಯಿತು ಎಂದು ಬರೆಯುವ ಆಸೆಯೇನೋ ಇದೆ. ಆ 4,200 ರೂಪಾಯಿ ಇನ್ನೂ ಬಾಕಿಯೇ. ಸಭೆಯ ಹಣ ಸಭೆಗೆ ಬರಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯವೂ ಹಿಂದಿನದ್ದೇ. ಆದರೆ ಈಗ ಅವರು ಎದುರು ಸಿಕ್ಕಿದರೆ, "ಕಾಲು ಹೇಗುಂಟು?" ಅನ್ನುತ್ತಾರೆ, ನಾನು, "ಉಂಟು" ಅನ್ನುತ್ತೇನೆ. ಹೆಸರು ಸಮೇತ ಪಟ್ಟಿ ಓದಿದ್ದು ತಪ್ಪಾಯಿತು ಎಂದು ಹೇಳಬೇಕೆಂದು ಎರಡು ಸಲ ಬಾಯಿಯವರೆಗೆ ಬಂದಿತ್ತು. ಹೇಳುತ್ತೇನೆ.

ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವ ಹೊತ್ತಿಗೆ ಅಡುಗೆಮನೆಯ ಅಟ್ಟದಲ್ಲಿ ಹನ್ನೊಂದು ಪಾತ್ರೆಗಳು ಸೇರಿದ್ದವು. ಟಿಫಿನ್ ಕ್ಯಾರಿಯರಿನ ಬಿಡಿ ಡಬ್ಬಿಗಳು, ಒಂದು ಸಣ್ಣ ತಪಲೆ, ಯಾರದ್ದೋ ಮದುವೆಗೆ ಉಡುಗೊರೆ ಬಂದ, ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದ ಸ್ಟೀಲಿನ ಪಾತ್ರೆಗಳು. ಪಾತ್ರೆಯನ್ನು ಖಾಲಿ ಹಿಂದೆ ಕೊಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಅಜ್ಜನ ಕಟ್ಟಳೆ ಬೇರೆ. ಪತ್ರೊಡೆ ಮಾಡಿ ತುಂಬಿಸಿ ಕೊಡುವ ಎಂದು ಹೆಂಡತಿ ಅಂದುಕೊಂಡಿದ್ದಳು, ಶಾಲೆಯ ಪರೀಕ್ಷೆಯ ಕೆಲಸದಲ್ಲಿ ಆಗಿರಲಿಲ್ಲ.

ಒಂದು ಸಂಜೆ ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತರು. "ಮಗಾ, ನನ್ನ ಪಾತ್ರೆ ಉಂಟಲ್ಲ, ಕೊಡು. ನಾಳೆ ಪಾಯಸಕ್ಕೆ ಬೇಕು."

ನಾನು ವಾಕರ್ ಊರಿಕೊಂಡು ಅಡುಗೆಮನೆಗೆ ಹೋದೆ. ಸಕ್ಕರೆ ಡಬ್ಬಿಯಲ್ಲಿ ನಾಲ್ಕು ಚಮಚ ಇತ್ತು. ಬಾಳೆಹಣ್ಣು ಇರಲಿಲ್ಲ. ಬಿಸ್ಕಿಟಿನ ಪ್ಯಾಕೇಟು ಹುಡುಕುತ್ತಾ ಡಬ್ಬಿಗಳನ್ನು ಸರಿಸುತ್ತಿದ್ದ ಶಬ್ದ ಅವರಿಗೆ ಹೊರಗೆ ಕೇಳಿರಬೇಕು.

"ಎಂತ ಹುಡುಕುತ್ತಾ ಇದ್ದೀ? ಖಾಲಿಯೇ ಕೊಡು ಮಾರಾಯ, ನಾನು ಪಾತ್ರೆ ಕೇಳಿದ್ದು."

ಕೊಟ್ಟೆ. ಹೊರಗೆ ಮಳೆ ಹನಿಯತೊಡಗಿತ್ತು. ದೊಡ್ಡಮ್ಮ ಕೊಡೆ ತಂದಿರಲಿಲ್ಲ. ಪಾತ್ರೆಯನ್ನು ಕವುಚಿ ತಲೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು ಮೆಟ್ಟಿಲು ಇಳಿದು ಹೋದರು. ಹನಿಗಳು ಸ್ಟೀಲಿನ ಮೇಲೆ ಬೀಳುವ ಸದ್ದು ಅವರ ಮನೆಯ ತಿರುವಿನವರೆಗೂ ಕೇಳುತ್ತಿತ್ತು.